ಓಡಿ ಬಂದವರಿಗೆ ಉಪ್ಪಿಟ್ಟು

ಸುನಾಮಿ ಬಂದರೆ ಮೂಡಣ ಕಡಲ ದಡದ ಎಣ್ಣೂರಿನವರೆಲ್ಲ ಓಡಬೇಕು, ಸುಬ್ರಾಯರ ಹೋಟೆಲಿನವರು ಮಾತ್ರ ಓಡಬಾರದು ಎಂದು ತೀರ್ಮಾನವಾಗಿತ್ತು. ಕಾರಣ ಸರಳ. ಓಡಿ ಬಂದವರಿಗೆ ಉಪ್ಪಿಟ್ಟು ಒದಗಿಸುವ ಕೆಲಸ ಸುಬ್ರಾಯರಿಗೆ ಸಿಕ್ಕಿತ್ತು.

ಬರುವುದು ನಿಜವಾದ ಸುನಾಮಿಯಲ್ಲ, ಡ್ರಿಲ್. ಬೆಳಿಗ್ಗೆ ಸೈರನ್ ಕೂಗುತ್ತದೆ, ಕಡಲ ಬದಿಯ ಬೀದಿಗಳವರು ಶಾಲೆಯ ತಾರಸಿ ಹತ್ತುತ್ತಾರೆ, ಜೀವ ಉಳಿದವರಿಗೆ ಅಲ್ಲೇ ಬಿಸಿ ಉಪ್ಪಿಟ್ಟು. ಜೀವ ಉಳಿಸಿಕೊಂಡು ಬಂದವರನ್ನು ಕಾಯಿಸಬಾರದು ಎಂದು ಸುಬ್ರಾಯರು ಹಿಂದಿನ ದಿನವೇ ರವೆ ಹುರಿಸಿಟ್ಟಿದ್ದರು.

ಮಿಥುನನಿಗೆ ಇದನ್ನು ಕೇಳಿಯೇ ಮೈ ಉರಿದಿತ್ತು. ಅವನು ಸುಬ್ರಾಯರ ತಮ್ಮನ ಮಗ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ದೋಸೆ ಕಲ್ಲಿನ ಮುಂದೆ ನಿಂತವನು. ಆ ಹೋಟೆಲಿನಲ್ಲಿ ಕಲ್ಲಿಗಿಂತ ಮೊದಲು ಕಾಯುವವನು ಮಿಥುನ್ ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. ಅವನಿಗೆ ಬೇಕಾಗಿದ್ದು ಒಂದೇ. ಅವನ ಅಮ್ಮ ಬೇಬಿ ಒಮ್ಮೆಯಾದರೂ ಆ ತಾರಸಿಯ ಮೆಟ್ಟಿಲು ಹತ್ತಬೇಕು. ಸುಳ್ಳು ಸುನಾಮಿಗೆ ಒಂದು ಸಲ ಹತ್ತಿದರೆ, ನಿಜವಾದದ್ದು ಬಂದ ದಿನ ಕಾಲು ತಾನೇ ದಾರಿ ಹಿಡಿಯುತ್ತದೆ ಎಂದು ಅವನ ಲೆಕ್ಕಾಚಾರ.

ಬೇಬಿ ಹತ್ತುವವಳಲ್ಲ. ಆ ಹೋಟೆಲಿನ ಅಡುಗೆಮನೆ ಬಿಟ್ಟು ಅವಳು ಮದುವೆಗೂ ಹೋದವಳಲ್ಲ, ಊರಿಗೂ ಹೋದವಳಲ್ಲ. ಊರು ಅಂದರೆ ಪಡುವಣ ಕಡಲ ಬದಿಯ ಗಂಗೊಳ್ಳಿ. ಗಂಡ ಮೋಹನನದೂ ಅದೇ ಊರು.

ಮೋಹನ ಹೋಗಿದ್ದು ಎರಡು ಸಾವಿರದ ನಾಲ್ಕರ ಡಿಸೆಂಬರಿನ ಆ ಭಾನುವಾರ. ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತಾನಾಗಿ ಗಡಗಡ ಅಂದಿತ್ತು. ಲಾರಿ ಹೋಗಿರಬೇಕು ಅಂದುಕೊಂಡು ಎಲ್ಲರೂ ಇಡ್ಲಿ ತಿಂದರು. ಟಿಫಿನ್ನಿನ ಗದ್ದಲ ನಡೆದಿರುವಾಗ ಕಡಲು ರಸ್ತೆಯವರೆಗೆ ಬಂದು, ಚಪ್ಪಲಿಗಳನ್ನು ತೇಲಿಸಿ, ಮರಳಿ ಹೋಯಿತು. ಹೋಗಿದ್ದು ನಿಲ್ಲಲೇ ಇಲ್ಲ. ಯಾರೂ ಕಾಣದ ಕೆಸರು ಕಂಡಿತು, ಬಂಡೆ ಕಂಡಿತು, ಮುಳುಗಿದ್ದ ಹಳೆಯ ದೋಣಿಯ ಎಲುಬು ಕಂಡಿತು. ಬಾಗಿಲಲ್ಲಿ ಮೀನು ಮಾರುವ ಹೆಂಗಸು ಈ ಕಡಲು ಹೀಗೆ ಹೋಗುವುದಿಲ್ಲ, ಏನೋ ಕೆಟ್ಟದ್ದು ಅಂದಳಂತೆ. ಮೋಹನ ನಕ್ಕ. ನಮ್ಮ ಪಡುವಣ ಕಡಲನ್ನು ನೀನು ನೋಡಿಲ್ಲ, ಇವತ್ತು ಹುಣ್ಣಿಮೆ, ಈಗ ಬಂದದ್ದು ಭರತ, ಇದು ಇಳಿತ, ಹುಣ್ಣಿಮೆ ಇಳಿತಕ್ಕೆ ನಾವು ಹೊಳೆಬಾಯಿ ದಾಟಿ ಆಡಲು ಹೋಗುತ್ತಿದ್ದೆವು ಅಂದ. ಬೇಬಿಗೆ ಹಾಲಿನ ಮೇಲೆ ಕಣ್ಣಿಡಲು ಹೇಳಿ, ದೋಣಿ ನೋಡಿ ಬರಲು ಹೋದ.

ಸುಬ್ರಾಯರು ಹುಣ್ಣಿಮೆಯ ತಿಥಿಗೆ ಭಟ್ಟರನ್ನು ಕರೆಸಿ ತಮ್ಮನ ವರ್ಷಾಂತಿಕ ಮಾಡಿಸೋಣ ಎಂದು ಎಷ್ಟು ಸಲ ಕೇಳಿದರೂ ಬೇಬಿಯ ಉತ್ತರ ಬದಲಾಗಲಿಲ್ಲ. ಹೆಣ ಕಂಡವರು ಯಾರು? ಇಳಿತಕ್ಕೆ ಹೋದದ್ದನ್ನು ಭರತ ತಂದು ಹಾಕುತ್ತದೆ, ಗಂಗೊಳ್ಳಿಯಲ್ಲಿ ಮಕ್ಕಳಿಗೂ ಗೊತ್ತು. ತರುವಾಗ ತಾನು ಇಲ್ಲಿರಬೇಕು. ಅವಳು ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ, ಹಣೆಯ ಕುಂಕುಮ ತೆಗೆದಿರಲಿಲ್ಲ. ಸಾಂಬಾರು ಒಂದು ದಿನವೂ ಕೆಟ್ಟಿರಲಿಲ್ಲ. ಹಾಗಾಗಿ ಇದು ಒಂದು ತೊಂದರೆ ಎಂದು ಹೋಟೆಲಿನಲ್ಲಿ ಮಿಥುನನ ಹೊರತು ಯಾರಿಗೂ ಅನ್ನಿಸಿರಲಿಲ್ಲ.

ಡ್ರಿಲ್ಲಿನ ಉಸ್ತುವಾರಿ ಸರ್ಕಾರಿ ಆಫೀಸಿನ ಕೋಮಲಾ ಎಂಬ ಹುಡುಗಿಯದು. ಪಟ್ಟಣದೊಳಗಿನ ಕೀಲ್ಪಾಕಿನ ಕನ್ನಡದವಳು. ಒಂದು ವಾರ ಮುಂಚೆ ಹೋಟೆಲಿಗೇ ಬಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದ್ದಳು, ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು. ಸುಮಾತ್ರಾದ ಹತ್ತಿರ ಕಡಲಿನ ತಳದ ಎರಡು ಪದರ ಒಂದರ ಕೆಳಗೊಂದು ಸಿಕ್ಕಿಕೊಂಡು, ನೂರಾರು ವರ್ಷ ಬಿಗಿದು, ಒಂದು ಬೆಳಿಗ್ಗೆ ಬಿಡಿಸಿಕೊಂಡಿದ್ದು. ತಳ ಎದ್ದಾಗ ಮೇಲಿನ ನೀರೆಲ್ಲ ಎದ್ದಿದ್ದು. ನಡುಗಡಲಲ್ಲಿ ವಿಮಾನದ ವೇಗ, ಆದರೆ ದೋಣಿಯವನಿಗೂ ತಿಳಿಯದಷ್ಟು ಸಣ್ಣ ಎತ್ತರ. ದಡದ ಹತ್ತಿರ ಆಳ ಕಡಿಮೆಯಾದಂತೆ ವೇಗ ಕುಗ್ಗಿ, ಹಿಂದಿನ ನೀರು ಮುಂದಿನದರ ಬೆನ್ನೇರಿ ಗೋಡೆಯಾಗುವುದು. ಒಂದೇ ಅಲೆಯಲ್ಲ, ಸಾಲು ಅಲೆ, ಎರಡರ ನಡುವೆ ಕಡಲು ಹಿಂದೆ ಸರಿಯುವುದು. ತಿಳಿವಳಿಕೆ ಇಲ್ಲದ ಜನ ಅದನ್ನು ನೋಡಲು ಹೋಗಿ ಸತ್ತರು ಎಂದು ಅವಳು ಮುಗಿಸಿದ್ದಳು.

ಮಿಥುನ್ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಎದುರು ಬಂದು ನಿಂತ.

“ಮೇಡಂ, ನಮ್ಮಪ್ಪ ಗೊತ್ತಿಲ್ದೆ ಸತ್ತದ್ದಲ್ಲ, ಗೊತ್ತಿದ್ದೇ ಸತ್ತದ್ದು. ಬೇರೆ ಕಡಲು ಗೊತ್ತಿತ್ತು, ಅಷ್ಟೇ.”

ಕೋಮಲಾ ಲ್ಯಾಪ್‌ಟಾಪ್ ಮುಚ್ಚಿ, ಇನ್ನು ಮುಂದೆ ಆ ಮಾತು ಹೇಳುವುದಿಲ್ಲ ಎಂದಳು. ಒಳಗೆ ಬೇಬಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ಡ್ರಿಲ್ಲಿನ ದಿನ ಸೈರನ್ ಕೂಗುವಾಗ ದೊಡ್ಡ ಪಾತ್ರೆಯಲ್ಲಿ ಒಗ್ಗರಣೆಗೆ ಸುರಿದ ನೀರು ಇನ್ನೂ ಕುದಿಗೆ ಬಂದಿರಲಿಲ್ಲ. ಬೀದಿಯವರು ಮೊಬೈಲು, ಮಕ್ಕಳು, ಕೆಲವರು ಟಿವಿ ಹೊತ್ತುಕೊಂಡು ಹೊರಟರು. ಹಳದಿ ಕೋಟು ಹಾಕಿದ ಕೋಮಲಾ ಒಳಗೆ ಬಂದು ಯಾಕೆ ಹೊರಟಿಲ್ಲ ಎಂದು ಕೇಳಿದಳು.

“ನಾವು ಓಡಿದ್ರೆ ಉಪ್ಪಿಟ್ಟು ಯಾರು ಮಾಡೂದು?” ಅಂದರು ಸುಬ್ರಾಯರು. “ನಿಮ್ ಆಫೀಸಿನವರೇ ಹೇಳಿದ್ದಲ್ದಾ, ಹಾಟಾಗಿ ಬೇಕು ಅಂತ?”

ರೂಲ್ಸು ರೂಲ್ಸೇ ಎಂದಳು ಕೋಮಲಾ. ಸೈರನ್ ಆದ ಮೇಲೂ ಕಟ್ಟಡದಲ್ಲಿ ಉಳಿದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿ ಕೈಗೆ ಕೆಂಪು ಪಟ್ಟಿ ಕಟ್ಟಬೇಕು. ಸುಬ್ರಾಯರು ಕೈ ಚಾಚಿದರು. ಸತ್ತ ಮೇಲೆ ಪಾರ್ಸಲ್ ಕಳಿಸಲು ಅಡ್ಡಿ ಇಲ್ಲ ತಾನೇ ಎಂದು ಖಚಿತ ಮಾಡಿಕೊಂಡು, ಪೊಟ್ಟಣ ಕಟ್ಟಲು ಎಲೆ ಹರಡತೊಡಗಿದರು. ಮಿಥುನ್ ಅಮ್ಮನ ತೋಳು ಹಿಡಿದು ಎಳೆದ.

“ನಾ ಬತ್ತಿಲ್ಲೆ,” ಅಂದಳು ಬೇಬಿ. “ನೀ ಹೋಗ್ ಮಗಾ.”

ಕೋಮಲಾ ಅವಳ ಕೈಗೂ ಪಟ್ಟಿ ಕಟ್ಟಿದಳು. ಬೇಬಿ ಅದನ್ನು ತಿರುಗಿಸಿ ನೋಡಿದಳು.

“ಸಿಕ್ದೇ ಇದ್ದೋರಿಗೆ ಯಾವ ಬಣ್ಣ?”

ಅಂಥ ಪಟ್ಟಿ ಕೊಟ್ಟಿಲ್ಲ ಎಂದಳು ಕೋಮಲಾ. ಚೀಲದಲ್ಲಿ ಇನ್ನೊಮ್ಮೆ ಹುಡುಕಿಯೂ ನೋಡಿದಳು, ಪಾಪ.

ಆಗ ಮಿಥುನನ ತಲೆ ಕೆಟ್ಟಿತು. ಪಾತ್ರೆ ತೊಳೆಯುವ ಅಗಲ ಪ್ಲಾಸ್ಟಿಕ್ ಟಬ್ಬನ್ನು ಎರಡು ಸ್ಟೂಲುಗಳ ನಡುವೆ ಇಟ್ಟ. ಅರ್ಧ ನೀರಿತ್ತು. ಇದೇ ಕಡಲು ಅಂದುಕೋ ಎಂದು ಹೇಳಿ, ಕೆಳಗಿನಿಂದ ತಳಕ್ಕೆ ಮುಷ್ಟಿ ಕಟ್ಟಿ ಗುದ್ದಿದ. ತಳ ಮೇಲೆದ್ದಿತು. ನೀರು ನಡುವಿನಲ್ಲಿ ಉಬ್ಬಿ, ಅಂಚಿಗೆ ಹೋಗಿ ಚೆಲ್ಲಿತು. ಅಂಚು ಬರಿದಾಯಿತು. ಮತ್ತೆ ಬಂದು ಚೆಲ್ಲಿತು. ಸುಬ್ರಾಯರ ಎಲೆಗಳೆಲ್ಲ ಒದ್ದೆಯಾದವು.

“ಗಾಳಿ ಇಲ್ಲ, ಚಂದ್ರ ಇಲ್ಲ. ಕೆಳಗಿಂದ ಗುದ್ದಿದ್ದು. ಈ ಅಂಚು ಒಣಗಿತಲ್ಲ, ಅದನ್ನೇ ಅಪ್ಪಯ್ಯ ಇಳಿತ ಅಂದದ್ದು. ಎಷ್ಟು ಹೊತ್ತಲ್ಲಿ ಹೋಯ್ತಮ್ಮ ಕಡಲು ಅವತ್ತು? ನೀನೇ ಹೇಳು.”

ಬೇಬಿ ನೀರನ್ನೇ ನೋಡುತ್ತಿದ್ದಳು. ಅದು ಅಲ್ಲಾಡುವುದನ್ನು ಇನ್ನೂ ನಿಲ್ಲಿಸಿರಲಿಲ್ಲ.

“ಹಾಲ್ ಉಕ್ಕುದ್ರೊಳಗೆ,” ಅಂದಳು.

ಹೊರಗೆ ಸೈರನ್ ಇನ್ನೂ ಕೂಗುತ್ತಿತ್ತು, ಸರ್ಕಾರಿ ಸೈರನ್, ನಡುನಡುವೆ ಕೆಮ್ಮುತ್ತ.

“ಇಳಿತ ಆಪುಕೆ ಅರ್ಧ ದಿನ ಬೇಕಲ್ದಾ,” ಅಂದಳು ಬೇಬಿ. ಮಗನಿಗೆ ಹೇಳಿದ್ದಲ್ಲ. ಗಂಗೊಳ್ಳಿಯ ಮಕ್ಕಳಿಗೂ ಗೊತ್ತಿರುವ ಮಾತು ಅದು. ಇಷ್ಟು ವರ್ಷ ಅವಳ ಬಾಯಲ್ಲಿ ಅದರ ಅರ್ಧ ಮಾತ್ರ ಇತ್ತು. “ಹಂಗಾರೆ ಅದ್ ಇಳಿತ ಅಲ್ಲ.”

“ಅಲ್ಲಮ್ಮ.”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಕುದಿಯುವ ನೀರಿಗೆ ಸುಬ್ರಾಯರು ಆಗಷ್ಟೇ ರವೆ ಸುರಿದಿದ್ದರು, ಇನ್ನು ಬಿಡದೆ ತಿರುವಬೇಕು. ಬೇಬಿ ಸೌಟನ್ನು ಅವರ ಕೈಗೆ ಕೊಟ್ಟಳು. ಆ ಅಡುಗೆಮನೆಯಲ್ಲಿ ಅವಳು ಬೇರೆಯವರ ಕೈಗೆ ಸೌಟು ಕೊಟ್ಟಿದ್ದು ಯಾರೂ ನೋಡಿರಲಿಲ್ಲ. ಸುಬ್ರಾಯರು ಗಲ್ಲಾಪೆಟ್ಟಿಗೆಯ ಮನುಷ್ಯ. ಸೌಟನ್ನು ಕೊಡೆಯ ಹಾಗೆ ಹಿಡಿದು ನಿಂತರು.

ಶಾಲೆಯ ಮೆಟ್ಟಿಲಲ್ಲಿ ಮಿಥುನ್ ಹಿಂದೆ ನಡೆದ, ಅಮ್ಮ ಮುಂದೆ. ಅವನು ಅರ್ಧಕ್ಕೆ ಬಿಟ್ಟ ಶಾಲೆ ಅದೇ. ಕೊನೆಗೂ ಮೇಲಿನವರೆಗೆ ಹತ್ತಿದಂತಾಯಿತು ಎಂದು ಅಂದುಕೊಂಡ, ಅದಕ್ಕೂ ಸಿಟ್ಟು ಬಂತು. ತಾರಸಿಯ ಬಾಗಿಲಲ್ಲಿ ಒಬ್ಬ ಗುಮಾಸ್ತ ಬೇಬಿಯ ಕೆಂಪು ಪಟ್ಟಿ ನೋಡಿ ತಡೆದ. ಸತ್ತವರನ್ನು ಮೇಲೆ ಬಿಡುವಂತಿಲ್ಲ. ಮಿಥುನ್ ಅವನ ಕತ್ತರಿಯನ್ನೇ ಕಸಿದುಕೊಂಡು ಪಟ್ಟಿ ಕತ್ತರಿಸಿದ. ಬೇಬಿ ಆ ತುಂಡನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೇಲಿನಿಂದ ಕಡಲು ಕಾಣುತ್ತಿತ್ತು, ಪವರ್ ಹೌಸಿನ ಚಿಮಣಿಗಳ ಪಕ್ಕದಲ್ಲಿ, ಎಂದಿನಂತೆ. ಬೇಬಿ ಕಟ್ಟೆಯ ಹತ್ತಿರ ಕೂತು ಬಹಳ ಹೊತ್ತು ನೋಡಿದಳು. ಡ್ರಿಲ್ ಮುಗಿಯಿತು ಎಂದು ಮೈಕಿನಲ್ಲಿ ಹೇಳಿದ ಮೇಲೂ ಏಳಲಿಲ್ಲ. ಮಿಥುನ್ ಕರೆಯಲಿಲ್ಲ.

“ದೊಡ್ಡಪ್ಪಯ್ಯನ ಹತ್ರ ಹೇಳ್,” ಅಂದಳು ಕೊನೆಗೆ. “ಮಾರ್ಗಶಿರ ಹುಣ್ಣಿಮೆಗೆ ಭಟ್ರನ್ನ ಕರುಕೆ.”

ಅಷ್ಟರಲ್ಲಿ ಉಪ್ಪಿಟ್ಟು ಬಂತು. ಸುಬ್ರಾಯರು ಒಬ್ಬರೇ ತಿರುವಿದ್ದು. ಗಂಟುಗಂಟಾಗಿ, ತಳ ಹಿಡಿದು, ಉಪ್ಪಿಲ್ಲದೆ. ಸುನಾಮಿಯಿಂದ ಪಾರಾದವರೆಲ್ಲ ಅದನ್ನು ತಿಂದು ಒಂದೇ ಬಾಯಲ್ಲಿ ದೂರಿದರು. ಬೇಬಿಯೂ ಒಂದು ಪೊಟ್ಟಣ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ಪೂರ್ತಿ ತಿಂದಳು.