ಕಡತದಲ್ಲಿನ ವ್ಯಸನಿ

"ನಮ್ಮ ಯಜಮಾನ್ರ ಫೈಲಲ್ಲಿ ಏನಿದೆ ಅಂತ ಒಂಚೂರು ಓದಿ ಹೇಳಿ," ಎಂದು ಆ ಹೆಂಗಸು ದಾಖಲೆ ವಿಭಾಗದ ಕಿಟಕಿಗೆ ಮುಖವಿಟ್ಟು ಕೇಳಿದಳು. "ನಿನ್ನೆ ಕಾಲು ಆಪರೇಷನ್ ಆಯ್ತು. ನೋವು ಅಂತ ಒದ್ದಾಡ್ತಿದ್ರೂ ಇಂಜೆಕ್ಷನ್ ಕೊಡ್ತಿಲ್ಲ. ಚಟದವರು ಹೀಗೇ ನಾಟಕ ಆಡೋದು, ಫೈಲ್ ನೋಡಿದೀವಿ ಅಂತಾರೆ ಸಿಸ್ಟರು. ನಮ್ಮವರು ಟೀ ಕೂಡ ಕುಡಿಯಲ್ಲ."

ಗುಮಾಸ್ತೆ ಫೈಲು ತೆರೆದಳು. ವೈದ್ಯರು ಬರೆದ ಕಾಯಿಲೆಗೆ ತಕ್ಕ ಕೋಡ್ ಹಾಕುವುದು ಅವಳ ಹನ್ನೊಂದು ವರ್ಷದ ಕೆಲಸ. ರೋಗಿ ಲಾರಿ ಚಾಲಕ. ಬೆನ್ನುಮೂಳೆ ಜಖಂಗೊಂಡು ಎರಡು ವರ್ಷದಿಂದ ಅಫೀಮಿನ ಅಂಶವಿರುವ ನೋವಿನ ಮಾತ್ರೆ ನುಂಗುತ್ತಿದ್ದ. ಬರೆದುಕೊಟ್ಟವರು ಇದೇ ಆಸ್ಪತ್ರೆಯ ಮೂಳೆ ಡಾಕ್ಟರು. ಹೇಳಿದ್ದಕ್ಕಿಂತ ಒಂದು ಮಾತ್ರೆಯೂ ಹೆಚ್ಚು ತೆಗೆದುಕೊಂಡಿರಲಿಲ್ಲ. ಕಳೆದ ವರ್ಷದ ಟಿಪ್ಪಣಿ ಒಂದೇ ಸಾಲು: 'ಬಿಟ್ಟರೆ ನಡುಕ, ಬೆವರು. ಬಿಡಲಾಗುತ್ತಿಲ್ಲ.' ಅದರ ಕೆಳಗೆ ಕೋಡ್: ಮಾದಕವಸ್ತು ವ್ಯಸನ. ಪಕ್ಕದಲ್ಲಿ ಅವಳದೇ ಸಹಿ. ಡಾಕ್ಟರನ್ನು ಕೇಳಿ ಹಾಕಬೇಕಿತ್ತು. ಅಂದು ಇನ್ನೂ ನಲವತ್ತು ಫೈಲು ಬಾಕಿಯಿದ್ದವು. ಕೇಳಹೋದರೆ ಅವರು ಸಿಡುಕುತ್ತಿದ್ದರು.

ಅವಳು ತಿದ್ದುಪಡಿ ಫಾರಂ ಹಿಡಿದು ಡಾಕ್ಟರ ಕೋಣೆಗೆ ಹೋದಳು.

"ಸರ್, ಇವರಿಗೆ ಚಟ ಇಲ್ಲ. ನೀವು ಕೊಟ್ಟಿದ್ದು ಮೈಗೆ ಒಗ್ಗಿದೆ ಅಷ್ಟೆ. ಹಾಗಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ಕೋಡ್ ತಿದ್ದಬಹುದು."

"ಎರಡು ವರ್ಷ ಒಗ್ಗಿಸಿದ್ದು ಯಾರು ಅಂತ ನಾಳೆ ನನ್ನನ್ನೇ ಕೇಳ್ತಾರಲ್ಲಮ್ಮ," ಎಂದರು ಡಾಕ್ಟರು, ಕನ್ನಡಕ ಒರೆಸುತ್ತ. "ವ್ಯಸನ ಅಂತ ಬರೆದಿದ್ದು ನಾನಲ್ಲವಲ್ಲ. ಇಟ್ಟು ಹೋಗಿ, ನೋಡೋಣ."

ನಾಲ್ಕು ದಿನ ಫಾರಂ ಮೇಜಿನ ಮೇಲೇ ಇತ್ತು. ಐದನೆಯ ದಿನ ಅವಳು ತನ್ನ ತಪ್ಪನ್ನು ತಾನೇ ಬರೆದು ಮೇಲಧಿಕಾರಿಗೆ ಕೊಟ್ಟಳು. ಅವಳಿಗೆ ಎಚ್ಚರಿಕೆ ಪತ್ರ ಬಂತು. ಡಾಕ್ಟರ ಸಹಿಯೂ ಬಂತು.

ತಿದ್ದಿದ ಹಾಳೆಯನ್ನು ಅವಳೇ ವಾರ್ಡಿಗೆ ಒಯ್ದಳು. ಸಿಸ್ಟರ್ ಓದಿ, "ಮೂರು ದಿನದಿಂದ ನೋವು ಅಂತ ತುಟಿ ಪಿಟಕ್ಕೆಂದಿಲ್ಲ ಅವರು," ಎಂದಳು. "ನಾವು ನಾಟಕ ಅಂದಿದ್ದು ಸುಳ್ಳಾ ಮತ್ತೆ?"

ಚಾಲಕ ಎಚ್ಚರವಾಗಿಯೇ ಇದ್ದ.

"ಅಣ್ಣ, ನೋವಿದ್ರೆ ಹೇಳಿ," ಎಂದಳು ಗುಮಾಸ್ತೆ. "ಫೈಲು ಸರಿ ಮಾಡಿಸಿದ್ದೀನಿ. ಈಗ ಇಂಜೆಕ್ಷನ್ ಕೊಡ್ತಾರೆ."

ಅವನು ಹೆಂಡತಿಯನ್ನು ನೋಡಿದ, ಆಮೇಲೆ ಗುಮಾಸ್ತೆಯ ಕೈಯಲ್ಲಿದ್ದ ಕಾಗದವನ್ನು.

"ನೋವೇನಿಲ್ಲಮ್ಮ," ಎಂದ. "ಹಾಗಂತಾನೇ ಬರ್ಕೊಳ್ಳಿ."

ಹೆಂಡತಿ ಒದ್ದೆ ಬಟ್ಟೆಯಿಂದ ಅವನ ಹಣೆ ಒರೆಸಿದಳು. ಒರೆಸಿದ ಕಡೆಯೇ ಬೆವರು ಮತ್ತೆ ಹನಿಗಟ್ಟಿತು. ಮಂಚದ ಕಬ್ಬಿಣದ ಸರಳು ಹಿಡಿದಿದ್ದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.