ಮೂಲೆಯಲ್ಲಿ ಬರೆದವನ ಹೆಸರು

ಗೋಡೆಗೆ ಅಂಟಿಸಿದ್ದ ಅಕ್ಷರದ ಹತ್ತು ಹನ್ನೆರಡು ಮಾದರಿಗಳನ್ನೆಲ್ಲ ಬಿಟ್ಟು ಮರಿಸಿದ್ದಯ್ಯ ಸರಿಯಾಗಿ ಆ ಒಂದರ ಮೇಲೆಯೇ ಬೆರಳಿಟ್ಟರು. ಅಂಗಡಿಯ ಚಲುವರಾಜು ಬೇರೊಂದು ಮಾದರಿಯತ್ತ ಕೈ ತೋರಿಸಿದ.

“ಇದೇ ಇರ್ಲಿ ಕಣವ್ವ. ಮಿಕ್ಕವೆಲ್ಲ ಇಸ್ತ್ರಿ ಮಾಡ್ದಂಗವೆ,” ಅಂದರು ಮೊಮ್ಮಗಳಿಗೆ.

ಮೊಮ್ಮಗಳು ಮಂಜುಶ್ರೀ ಡಾಕ್ಟರು. ಮುಂದಿನ ವಾರ ಮಳವಳ್ಳಿಯಲ್ಲಿ ಕ್ಲಿನಿಕ್ ತೆರೆಯುವವಳಿದ್ದಳು. ಅದರ ಬೋರ್ಡನ್ನು ತಾನೇ ಬರೆಯುತ್ತೇನೆಂದು ಮುದುಕರು ಬ್ರಷ್ಷು ಹಿಡಿದು ಕೂತಿದ್ದರಂತೆ. ಕೈ ನಡುಗಿ ಮೊದಲ ಅಕ್ಷರವೇ ಕೆಟ್ಟು, ಕೊನೆಗೆ ಮದ್ದೂರಿನ ಈ ಫ್ಲೆಕ್ಸ್ ಅಂಗಡಿಗೆ ಬಂದಿದ್ದರು. ಒಂದು ಕಾಲಕ್ಕೆ ಕೆರಗೋಡಿನಿಂದ ಕೊತ್ತತ್ತಿಯವರೆಗೆ ಅವರು ಬಣ್ಣದಲ್ಲಿ ಹೆಸರು ಬರೆಯದ ಅಂಗಡಿಯಿರಲಿಲ್ಲ, ಶಾಲೆಯಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಚಲುವರಾಜು ಕೆರಗೋಡಿಗೆ ಅವರನ್ನು ಹುಡುಕಿಕೊಂಡು ಹೋಗಿ, “ನಿಮ್ಮ ಬೋರ್ಡೆಲ್ಲ ಫೋಟೋ ತಕ್ಕತೀನಿ, ಸುಮ್ನೆ ನೆನಪಿಗೆ,” ಅಂದಿದ್ದ. ಮುದುಕರು ಹಿಗ್ಗಿ ಹೀರೇಕಾಯಿಯಾಗಿ, ಅವನ ಬೈಕಿನ ಹಿಂದೆ ಕೂತು ಮೂರು ದಿನ ಊರೂರು ತೋರಿಸಿದ್ದರು. ಆ ಫೋಟೋಗಳ ಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆದು ಚಲುವರಾಜು ಒಂದು ಫಾಂಟು ಮಾಡಿದ. ‘ಚಲುವ’ ಅಂತ ತನ್ನ ಹೆಸರನ್ನೇ ಇಟ್ಟ. ಮುದುಕರು ಈಗ ಬೆರಳಿಟ್ಟದ್ದು ಅದರ ಮೇಲೆಯೇ. ಈಗ ಅದು ಬಸ್ಸಿನ ಮೇಲೆ, ಮದುವೆ ಕಾಗದದ ಮೇಲೆ, ಎಲ್ಲೆಲ್ಲೂ. ಪತ್ರಿಕೆಯವರು ಕೇಳಿದಾಗ, ತಲೆಕಟ್ಟಿನ ತುದಿ ಚೂರು ಕೆಳಗೆ ಬಾಗಿರುವುದು ತನಗೇ ಹೊಳೆದದ್ದೆಂದು ಹೇಳಿ, ಗಲ್ಲಕ್ಕೆ ಕೈಕೊಟ್ಟು ಫೋಟೋ ಬೇರೆ ತೆಗೆಸಿಕೊಂಡಿದ್ದ ಮಹಾನುಭಾವ.

“ಯಾರ್ ಬರ್ದಿದ್ದಪ್ಪ ಇದ?” ಅಂದರು ಮುದುಕರು. ಇವನ ಗುರುತು ಸಿಕ್ಕಂತೆ ತೋರಲಿಲ್ಲ.

“ಕಂಪ್ಯೂಟ್ರಲ್ಲೇ ಬತ್ತದೆ ಕಣಣ್ಣ.”

ಅವನು ‘ಡಾ. ಮಂಜುಶ್ರೀ’ ಎಂದು ಟೈಪು ಮಾಡಿದ. ಮುದುಕರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ನೀವಿಕೊಂಡರು.

“ಏಣಿಯಿಂದ ಬಿದ್ದು ಎಬ್ಬೆಟ್ಟು ಮುರ್ಕಂಡ ಮೇಲೆ ನನ್ ಬ್ರಸ್ಸೂ ತುದೀಲಿ ಇಂಗೇ ಜಾರೋದು. ಎಷ್ಟು ತಿದ್ದುದ್ರೂ ಓಗ್ನಿಲ್ಲ. ಕಂಪ್ಯೂಟ್ರುಗೂ ಎಬ್ಬೆಟ್ಟು ನೋಯ್ತದಾ?”

ಮಂಜುಶ್ರೀ ನಕ್ಕಳು. ಚಲುವರಾಜು ಹೇಳುವುದಾದರೆ ಈಗಲೇ ಹೇಳಬೇಕಿತ್ತು. ಈ ಹುಡುಗಿ ಪಕ್ಕದಲ್ಲಿ ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆ ಅಂದುಕೊಂಡ. ಅದೂ ಸುಳ್ಳೆಂದು ಅವನಿಗೇ ಗೊತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಮೂಲೇಲಿ ಎಸ್ರು ಆಕ್ನಿಲ್ವಲ್ಲಪ್ಪ,” ಅಂದರು ಮುದುಕರು.

“ಯಾರ್ದು?”

“ಬರ್ದೋನ್ದು. ನಾವು ಬಲಗಡೆ ಕೆಳೀಕೆ ಸಣ್ದಾಗಿ ಆಕ್ತಿದ್ದೊ. ಚೆನ್ನಾಗಿದ್ರೂ ಬರ್ದೋನ್ದೇ, ಕೆಟ್ರೂ ಬರ್ದೋನ್ದೇ. ಬಚ್ಚಿಟ್ಕಬಾರ್ದು.”

ಆ ಮೂಲೆ ಅವನಿಗೆ ಗೊತ್ತಿತ್ತು. ‘ಸಿದ್ದು ಆರ್ಟ್ಸ್, ಕೆರಗೋಡು’ ಎಂದು ಪ್ರತಿ ಫೋಟೋದಲ್ಲೂ ಇತ್ತು. ಅವನು ಕಂಪ್ಯೂಟರಿನ ಮುಂದೆ ಕೂತು ಮೊಟ್ಟಮೊದಲು ಕತ್ತರಿಸಿ ತೆಗೆದದ್ದೇ ಅದನ್ನು.

ಚಲುವರಾಜು ಬಲಮೂಲೆಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ‘ಮರಿಸಿದ್ದಯ್ಯ, ಕೆರಗೋಡು.’ ಅಂಗಡಿಯಲ್ಲಿ ಆ ಹೆಸರನ್ನು ಯಾರೂ ಹೇಳಿರಲಿಲ್ಲ; ಮಂಜುಶ್ರೀಯ ನಗು ನಿಂತಿತು. ಅವಳು ಆ ಹೆಸರು ನೋಡಿದಳು, ತಾತನ ಹೆಬ್ಬೆರಳು ನೋಡಿದಳು, ಆಮೇಲೆ ಇವನನ್ನು ನೋಡಿದಳು. ಇವನು ತಲೆ ಎತ್ತಲಿಲ್ಲ.

ಮುದುಕರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮೂಲೆಯ ಹೆಸರನ್ನು ಓದಿದರು.

“ದೊಡ್ದಾಯ್ತು ಕಣಪ್ಪ,” ಅಂದರು. “ರೋಡಿಗೆ ಕಾಣ್ಬಾರ್ದು. ಅತ್ರ ಬಂದೋರ್ಗೆ ಕಂಡ್ರೆ ಸಾಕು.”

ಚಲುವರಾಜು ಸಣ್ಣದು ಮಾಡಿದ. ಅವರು ಸಾಕು ಅನ್ನುವವರೆಗೂ ಸಣ್ಣದು ಮಾಡುತ್ತಲೇ ಹೋದ. ಪರದೆಯ ಮೇಲುಗಡೆ, ಫಾಂಟಿನ ಹೆಸರು ಬರುವ ಚೌಕದಲ್ಲಿ, ‘ಚಲುವ’ ಎಂಬುದು ಮಾತ್ರ ಹಾಗೇ ಇತ್ತು. ಮಂಜುಶ್ರೀ ಅದನ್ನೇ ಓದುತ್ತಿದ್ದಳು.