ಬಾಯಿಬಿಟ್ಟು ಹೇಳಬೇಕಾದ ಮತ

ಲೆಮ್ಯುಯೆಲ್ ಹಾರ್ಗ್ರೋವನಿಗೆ ಕಾನೂನು ಬಾಯಿಪಾಠ, ಆಸಾ ಪೆಟಿಗ್ರೂಗೆ ಜನ ಬಾಯಿಪಾಠ. ಪಶ್ಚಿಮ ಕೆಂಟಕಿಯ ಕಾಡುಸೀಮೆಯಲ್ಲಿ ಈ ಇಬ್ಬರು ವಕೀಲರು ಹದಿನಾಲ್ಕು ವರ್ಷ ಊರೂರಲ್ಲಿ ಕೋರ್ಟು ನಡೆಸುವ ನ್ಯಾಯಾಧೀಶರ ಹಿಂದೆ ಕುದುರೆಯ ಮೇಲೆ ಸುತ್ತಿದ್ದರು, ಛತ್ರಗಳಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದ್ದರು. ಆಸಾ ಕೋರ್ಟಿನ ಕಾಗದಗಳನ್ನು ಜೋಳದ ರೊಟ್ಟಿಯ ಜೊತೆಗೇ ಚೀಲಕ್ಕೆ ತುರುಕುತ್ತಿದ್ದ. ಬೇಕಾದ ಕಾಗದ ಸಿಗದಿದ್ದರೆ ಒಂದು ಕತೆ ಹೇಳುತ್ತಿದ್ದ. ಜ್ಯೂರಿಯವರು ಹೊಟ್ಟೆ ಹಿಡಿದು ನಕ್ಕು ಅವನನ್ನೇ ಗೆಲ್ಲಿಸುತ್ತಿದ್ದರು. ಲೆಮ್ಯುಯೆಲ್ ಸಾಕಿದ ನಾಯಿ ಕೂಡ ಆಸಾನನ್ನು ಕಂಡರೆ ಅವನ ಕಾಲಬುಡಕ್ಕೇ ಓಡುತ್ತಿತ್ತು. ಇದನ್ನೆಲ್ಲ ನೋಡಿಯೂ ಹೊಟ್ಟೆ ಉರಿಯದಿರಲು ಲೆಮ್ಯುಯೆಲ್ ಏನು ಸಂತನೇ?

ಆ ವರ್ಷ ದೇಶಕ್ಕೆ ಕಾನೂನು ಮಾಡುವ ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಗೆ ಇಬ್ಬರೂ ಎದುರುಬದುರು ನಿಂತರು. ಒಂದೇ ಒಂದು ಸಲ ಜನ ಆಸಾನನ್ನು ಬಿಟ್ಟು ತನ್ನನ್ನು ಆರಿಸಬೇಕು, ಲೆಮ್ಯುಯೆಲ್‌ಗೆ ಬೇಕಾಗಿದ್ದದ್ದು ಅಷ್ಟೇ.

ಮತವೆಂದರೆ ಅಲ್ಲಿ ಗುಟ್ಟಿನ ಮಾತಲ್ಲ. ಶೆರಿಫನ ಮೇಜಿನ ಮುಂದೆ ನಿಂತು ನಾಲ್ಕು ಜನರ ಎದುರು ಹೆಸರು ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ. ಚುನಾವಣೆಗೆ ನಿಂತವರು ಎದುರಾಳಿಯ ಹೆಸರು ಹೇಳುವುದು ಮರ್ಯಾದೆ. ತನ್ನ ಹೆಸರನ್ನು ತಾನೇ ಕೂಗಿಕೊಂಡವನನ್ನು ಯಾರೂ ಮನೆಗೆ ಊಟಕ್ಕೆ ಕರೆಯುತ್ತಿರಲಿಲ್ಲ.

ಮತದಾನದ ಮೂರನೆಯ, ಕೊನೆಯ ದಿನದ ಮಧ್ಯಾಹ್ನ. ಬೇರೆ ಊರುಗಳಲ್ಲಿ ಇಬ್ಬರೂ ಸರಿಸಮ ಎಂದು ಸುದ್ದಿ ಬಂದಿತ್ತು. ಇಲ್ಲಿಯೂ ತಲಾ ನಾನೂರ ಹನ್ನೊಂದು. ಮತ ಹೇಳಲು ಉಳಿದವರು ಅವರಿಬ್ಬರೇ.

ಆಸಾ ಹ್ಯಾಟು ತೆಗೆದು ಮುಂದೆ ಬಂದು, ತಡವರಿಸದೆ ಲೆಮ್ಯುಯೆಲ್ ಹೆಸರು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಮತ ತನಗೆ, ಚಪ್ಪಾಳೆ ಅವನಿಗೆ! ಲೆಮ್ಯುಯೆಲ್‌ಗೆ ಮೈಯೆಲ್ಲ ಉರಿಯಿತು. ಈಗ ತಾನು ಆಸಾನ ಹೆಸರು ಹೇಳಿದರೆ ಮತ್ತೆ ಸಮ, ಮತ್ತೆ ಚುನಾವಣೆ, ಮತ್ತೆ ಅವನ ಕತೆಗಳು. ಯಾರ ಹೆಸರೂ ಹೇಳದೆ ಹೋದರೆ ಗೆಲುವೇನೋ ತನ್ನದೇ, ಆದರೆ ಅದು ಆಸಾ ಹಾಕಿದ ಒಂದು ಮತದ ಭಿಕ್ಷೆ.

"ಲೆಮ್ಯುಯೆಲ್ ಹಾರ್ಗ್ರೋವ್" ಎಂದ.

ಗುಮಾಸ್ತ ತಲೆ ಎತ್ತಿದ. "ನಿಮ್ಮ ಹೆಸರಲ್ಲ ಸ್ವಾಮಿ, ಮತ ಯಾರಿಗೆ ಅಂತ ಕೇಳಿದ್ದು."

"ಗೊತ್ತು. ಅದೇ ಹೆಸರು ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಶೆರಿಫ್ ಲೆಮ್ಯುಯೆಲ್ ಗೆದ್ದನೆಂದು ಸಾರಿದ. ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಕೈಕುಲುಕಲು ಬಂದವನು ಆಸಾ ಒಬ್ಬನೇ.

"ಮರ್ಯಾದೆಗೆಟ್ಟವನು ಅಂತ ಬೈದುಬಿಡೋ" ಎಂದ ಲೆಮ್ಯುಯೆಲ್.

"ಯಾಕೋ ಬೈಲಿ? ಮರ್ಯಾದೆಗೆ ನಿನ್ನ ಹೆಸರು ಹೇಳ್ದೆ ಅಂದ್ಕೊಂಡ್ಯಾ? ಅಲ್ಲಿ ಕೂತು ಕಾನೂನು ಮಾಡೋಕೆ ಕಾನೂನು ಓದ್ಕೊಂಡೋನು ಬೇಕು ಕಣೋ. ನಾನು ನಿಂತಿರ್ಲಿಲ್ಲ ಅಂದ್ರೂ ನಿನ್ನ ಹೆಸರೇ ಹೇಳ್ತಿದ್ದೆ."

ಆಸಾ ಹೊರಟ. ಜನವೆಲ್ಲ ಅವನ ಹಿಂದೆ ಮೆಟ್ಟಿಲಿಳಿದು ಹೋಯಿತು. ಹದಿನಾಲ್ಕು ವರ್ಷ ಅವನ ಗೆಲುವಿಗೆ ಹೊಟ್ಟೆ ಉರಿದುಕೊಂಡಿದ್ದ ಲೆಮ್ಯುಯೆಲ್, ಇನ್ನು ಅವನ ಸೋಲಿಗೂ ಉರಿದುಕೊಳ್ಳಬೇಕಾಯಿತು.